ಚಿಕಿತ್ಸೆ ಮುಗಿದ ಮೇಲೆ ಬರುವ ನೋವು, ಗಾಬರಿ ಬೀಳಿಸುವ ರಿಪೋರ್ಟ್: ಸ್ತನ ಕ್ಯಾನ್ಸರ್ ದಾಟಿದವರಿಗೊಂದು ಸಮಗ್ರ ಮಾರ್ಗದರ್ಶಿ

ಶನಿವಾರ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಲ್ಯಾಬಿನಿಂದ ಫೋನಿಗೆ ಪಿಡಿಎಫ್ ಬಂತು. ಒದ್ದೆ ಕೈಯಲ್ಲೇ ತೆರೆದೆ. ಸಿಎ 15-3 (ಸ್ತನ ಕ್ಯಾನ್ಸರಿನ ಸುಳಿವು ನೋಡುವ ರಕ್ತ ಪರೀಕ್ಷೆ, ಟ್ಯೂಮರ್ ಮಾರ್ಕರ್ ಅನ್ನುತ್ತಾರೆ) ಅನ್ನುವ ಸಾಲಿನ ಮುಂದೆ 41 ಅಂತ ದಪ್ಪ ಅಕ್ಷರದಲ್ಲಿತ್ತು. ಪಕ್ಕದಲ್ಲಿ, 30ರ ಒಳಗಿರಬೇಕು ಅಂತ ಬರೆದಿತ್ತು. ನನ್ನ ಎಡ ಸ್ತನದ ಆಪರೇಷನ್ ಆಗಿ ಆಗ ನಾಲ್ಕು ವರ್ಷ.

ಸೋಮವಾರದವರೆಗೆ ನನ್ನ ಡಾಕ್ಟರ್ ಸಿಗುವುದಿಲ್ಲ. ಆ ಒಂದೂವರೆ ದಿನದಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದೆ. ಬೆಳಗಿನ ಜಾವ ಮೂರರವರೆಗೆ ಫೋನಿನಲ್ಲಿ ಹುಡುಕಿದೆ. ಗಂಡನಿಗೆ ಹೇಳಲಿಲ್ಲ. ಮಗಳ ಫೀಸು, ಬ್ಯಾಂಕಿನ ಎಫ್‌ಡಿ, ಚಿನ್ನ ಎಲ್ಲಾ ಲೆಕ್ಕ ಹಾಕಿದೆ. ಭಾನುವಾರ ದೇವಸ್ಥಾನಕ್ಕೆ ಹೋದೆ. ಏನು ಬೇಡಿಕೊಂಡೆ ಅನ್ನುವುದೂ ನೆನಪಿಲ್ಲ.

ಸೋಮವಾರ ಡಾಕ್ಟರ್ ರಿಪೋರ್ಟ್ ನೋಡಿ ಮೊದಲು ಕೇಳಿದ್ದು, "ಈ ಟೆಸ್ಟ್ ಯಾರು ಬರೆದುಕೊಟ್ಟರಮ್ಮಾ?" ಯಾರೂ ಬರೆದಿರಲಿಲ್ಲ. ಊರಿನ ಲ್ಯಾಬಿನ ಫುಲ್ ಬಾಡಿ ಪ್ಯಾಕೇಜಿನಲ್ಲಿ ಅದೂ ಸೇರಿಕೊಂಡಿತ್ತು. ಅವರು ಕಂಕುಳು, ಕುತ್ತಿಗೆ, ಹೊಟ್ಟೆ ಎಲ್ಲಾ ಮುಟ್ಟಿ ನೋಡಿದರು. ರಕ್ತದ ಉಳಿದ ಲೆಕ್ಕ ನೋಡಿ ವಿಟಮಿನ್ ಬಿ12 ಮಾಡಿಸಿದರು. ಅದು ತಳ ಮುಟ್ಟಿತ್ತು. ಬಿ12 ತೀರಾ ಕಡಿಮೆಯಾದಾಗಲೂ ಈ ಮಾರ್ಕರ್ ಏರುವುದುಂಟು. ನನ್ನ ಹಾಗೆ ಹುಟ್ಟಿನಿಂದ ಸಸ್ಯಾಹಾರಿಗಳಾದವರು ಇದನ್ನು ತಿಳಿದಿರಬೇಕು. ಇಂಜೆಕ್ಷನ್ ತಗೊಂಡೆ. ಮೂರು ತಿಂಗಳ ಮೇಲೆ ಅದೇ ಲ್ಯಾಬಿನಲ್ಲಿ 24 ಬಂತು.

ಆದರೆ ಇನ್ನೊಂದು ಕಥೆಯೂ ಇದೆ. ನನ್ನ ಜೊತೆ ಕಿಮೋ ತಗೊಂಡ ಒಬ್ಬರು ಬೆನ್ನು ನೋವನ್ನು ನಾಲ್ಕು ತಿಂಗಳು ಮುಚ್ಚಿಟ್ಟರು. ಮನೆಯಲ್ಲಿ ಮಗನ ಮದುವೆ ಇತ್ತು. ಮದುವೆ ಮುಗಿಯಲಿ, ಆಮೇಲೆ ತೋರಿಸಿದರಾಯಿತು ಅಂದುಕೊಂಡರು. ಮದುವೆ ಮುಗಿದ ವಾರಕ್ಕೆ ಅವರಿಗೆ ಮೆಟ್ಟಿಲು ಹತ್ತಲು ಆಗಲಿಲ್ಲ.

ನಾನು ಸುಮ್ನೆ ಇಲ್ಲದ್ದಕ್ಕೆ ಹೆದರಿದೆ. ಅವರು ಹೆದರಬೇಕಾದದ್ದನ್ನು ನುಂಗಿಕೊಂಡರು. ಹೊಸ ನೋವು ಬಂದ ದಿನ ಮೊದಲು ಏನು, ಆಮೇಲೆ ಏನು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ಯಾವುದನ್ನೂ ನಿಲ್ಲಿಸಬೇಡಿ.

ಹೆಜ್ಜೆ 1: ನೆಮ್ಮದಿಯಾಗಿರುವಾಗಲೇ ಒಂದು ಹಾಳೆ ಬರೆದಿಡಿ

ಗಾಬರಿಯಾದಾಗ ಫೈಲು ಸಿಗುವುದಿಲ್ಲ, ಸಿಕ್ಕರೂ ಬೇಕಾದ ಕಾಗದ ಸಿಗುವುದಿಲ್ಲ. ಅದಕ್ಕೆ ಈಗಲೇ ಒಂದೇ ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಕಡೆಯ ಸ್ತನ, ಆಪರೇಷನ್ ತಾರೀಖು, ಪೂರ್ತಿ ತೆಗೆದರೋ ಗಂಟು ಮಾತ್ರವೋ. ಯಾವ ಸ್ಟೇಜ್, ಕಂಕುಳಿನ ಎಷ್ಟು ಗ್ರಂಥಿಗಳಲ್ಲಿ ಕಾಯಿಲೆ ಇತ್ತು. ಇಆರ್, ಪಿಆರ್ (ಗಂಟು ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಅಂತ ಹೇಳುವ ಗುರುತುಗಳು), ಹರ್-2 (ಗಂಟಿನ ಜೀವಕೋಶಗಳ ಮೇಲಿನ ಒಂದು ಪ್ರೋಟೀನ್) ಪಾಸಿಟಿವ್ವೋ ನೆಗೆಟಿವ್ವೋ. ಕಿಮೋ ಔಷಧಿಗಳ ಹೆಸರು. ರೇಡಿಯೇಷನ್ ಯಾವಾಗ ಮುಗಿಯಿತು. ಈಗ ನುಂಗುತ್ತಿರುವ ಮಾತ್ರೆಗಳು. ಆಸ್ಪತ್ರೆಯ ಫೈಲ್ ನಂಬರ್. ಇದೆಲ್ಲಾ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮತ್ತು ಬಯಾಪ್ಸಿ ರಿಪೋರ್ಟಿನಲ್ಲಿ ಇರುತ್ತದೆ. ಅರ್ಥವಾಗದಿದ್ದರೆ ಮುಂದಿನ ಭೇಟಿಯಲ್ಲಿ ಡಾಕ್ಟರಿಂದಲೇ ತುಂಬಿಸಿಕೊಳ್ಳಿ. ಹಾಳೆಯ ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇಡಿ.

ಇಆರ್, ಪಿಆರ್ ವಿಷಯ ಸಣ್ಣದಲ್ಲ. ಹಾರ್ಮೋನ್ ಪಾಸಿಟಿವ್ ಆಗಿದ್ದರೆ ಕಾಯಿಲೆ ಹತ್ತು, ಹದಿನೈದು ವರ್ಷದ ನಂತರವೂ ಮರಳಬಹುದು. ಟ್ರಿಪಲ್ ನೆಗೆಟಿವ್, ಅಂದರೆ ಆ ಮೂರೂ ನೆಗೆಟಿವ್ ಆಗಿರುವುದು, ಮರಳುವುದಾದರೆ ಹೆಚ್ಚಾಗಿ ಮೊದಲ ಐದು ವರ್ಷದಲ್ಲೇ. "ಐದು ವರ್ಷ ಆಯಿತು, ಇನ್ನು ಭಯವಿಲ್ಲ" ಅನ್ನುವ ಮಾತು ಎಲ್ಲರಿಗೂ ಒಂದೇ ಥರ ಹೊಂದುವುದಿಲ್ಲ. ನೀವು ಯಾವ ಗುಂಪು ಅಂತ ನಿಮಗೆ ಗೊತ್ತಿರಲಿ.

ಇನ್ನೊಂದು ಕೆಲಸವನ್ನೂ ಈಗಲೇ ಮಾಡಿ. ತಿಂಗಳಿಗೊಮ್ಮೆ ಸ್ನಾನದ ನಂತರ ಕನ್ನಡಿ ಮುಂದೆ ನಿಂತು ನೋಡಿಕೊಳ್ಳಿ. ಗಾಯದ ಗೆರೆ ಎಲ್ಲಿ ಗಟ್ಟಿ, ಎಲ್ಲಿ ಮರಗಟ್ಟಿದೆ, ಯಾವ ಕಡೆ ಚರ್ಮ ಕಪ್ಪಾಗಿದೆ, ಕೈಯಿಂದ ಮುಟ್ಟಿ ತಿಳಿದುಕೊಳ್ಳಿ. ತುಂಬಾ ಹೆಂಗಸರು ಆ ಜಾಗವನ್ನು ನೋಡುವುದೇ ಇಲ್ಲ. ನಾನೂ ಒಂದು ವರ್ಷ ನೋಡಿರಲಿಲ್ಲ. ಆಮೇಲೆ ಒಂದು ದಿನ ಕೈಗೆ ಗಟ್ಟಿ ಸಿಕ್ಕಿ ಕಿರುಚಿಕೊಂಡೆ. ಅದು ನನ್ನ ಪಕ್ಕೆಲುಬು.

ಹೆಜ್ಜೆ 2: ಫಾಲೋಅಪ್ ಅಂದರೆ ಎಷ್ಟು ಅಂತ ತಿಳಿದುಕೊಳ್ಳಿ

ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಡಾಕ್ಟರ್ ಭೇಟಿ. ನಾಲ್ಕನೇ ಮತ್ತು ಐದನೇ ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಆಮೇಲೆ ವರ್ಷಕ್ಕೊಮ್ಮೆ. ಜೊತೆಗೆ ವರ್ಷಕ್ಕೊಂದು ಮ್ಯಾಮೊಗ್ರಾಂ. ಗಂಟು ಮಾತ್ರ ತೆಗೆದಿದ್ದರೆ ಎರಡೂ ಕಡೆ, ಪೂರ್ತಿ ತೆಗೆದಿದ್ದರೆ ಉಳಿದ ಸ್ತನಕ್ಕೆ. ರೇಡಿಯೇಷನ್ ಮುಗಿದು ಆರು ತಿಂಗಳಾದರೂ ಕಳೆದ ಮೇಲೆ ಮೊದಲನೆಯದು. ಯಾವ ತೊಂದರೆಯೂ ಇಲ್ಲದವರಿಗೆ ಸಾಮಾನ್ಯವಾಗಿ ಇಷ್ಟೇ.

"ಪೆಟ್ ಸ್ಕ್ಯಾನ್ ಮಾಡಿಸಲಿಲ್ಲ, ರಕ್ತ ಪರೀಕ್ಷೆ ಬರೆಯಲಿಲ್ಲ, ನಮ್ಮನ್ನು ಸರಿಯಾಗಿ ನೋಡುತ್ತಿಲ್ಲ" ಅಂತ ಬೇಜಾರು ಮಾಡಿಕೊಳ್ಳುವವರು ಬಹಳ ಜನ. ಕಾರಣ ಇದೆ. ಇಟಲಿಯಲ್ಲಿ ಈ ವಿಷಯವನ್ನೇ ದೊಡ್ಡ ಎರಡು ಅಧ್ಯಯನಗಳಲ್ಲಿ ಪರೀಕ್ಷಿಸಿ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಲಕ್ಷಣವಿಲ್ಲದವರಿಗೆ ಪದೇಪದೇ ಸ್ಕ್ಯಾನ್ ಮಾಡಿ ನೋಡಿದ್ದರಿಂದ ಯಾರೂ ಹೆಚ್ಚು ಕಾಲ ಬದುಕಲಿಲ್ಲ. ಇಲ್ಲದ ಗಾಬರಿ, ಮತ್ತೆ ಮತ್ತೆ ಟೆಸ್ಟು, ಖರ್ಚು ಮಾತ್ರ ಜಾಸ್ತಿ. ಮ್ಯಾಮೊಗ್ರಾಂ ಮಾತ್ರ ಬೇರೆ. ಅದೇ ಸ್ತನದಲ್ಲಿ ಮರಳಿದ್ದನ್ನೋ ಇನ್ನೊಂದು ಸ್ತನದಲ್ಲಿ ಹೊಸದಾಗಿ ಹುಟ್ಟಿದ್ದನ್ನೋ ಬೇಗ ಹಿಡಿದರೆ ಪೂರ್ತಿ ಗುಣಪಡಿಸುವ ದಾರಿ ಇರುತ್ತದೆ. ಅದನ್ನು ಒಂದು ವರ್ಷವೂ ತಪ್ಪಿಸಬೇಡಿ. ಹಬ್ಬದ ಡಿಸ್ಕೌಂಟ್ ಪ್ಯಾಕೇಜಿನ ಟ್ಯೂಮರ್ ಮಾರ್ಕರ್ ಮಾತ್ರ ಬೇಡ. ನನ್ನ ಶನಿವಾರ ರಾತ್ರಿ ನೆನಪಿರಲಿ.

ಹೆಜ್ಜೆ 3: ಅದೇ ದಿನ ಹೊರಡಬೇಕಾದ ಲಕ್ಷಣಗಳು

ಇವು ಅಪರೂಪ. ಬಂದರೆ ಮಾತ್ರ ಕಾಯಬಾರದು. ಕ್ಲಿನಿಕ್ ಯಾವಾಗ ತೆರೆಯುತ್ತದೆ ಅಂತ ನೋಡಬೇಡಿ, 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಬೆನ್ನು ನೋವಿನ ಜೊತೆ ಕಾಲು ಸೋಲುವುದು, ಕಾಲು ಅಥವಾ ತೊಡೆಯ ಸಂದು ಮರಗಟ್ಟುವುದು, ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಇನ್ನೂ ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕರೆ ನಡಿಗೆ ಉಳಿಯುವ ಸಾಧ್ಯತೆ ಹೆಚ್ಚು. ಇಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು, ಒಂದೇ ಕಾಲಿನ ಮೀನಖಂಡ ಬಾತು ನೋಯುವುದು. ರಕ್ತ ಹೆಪ್ಪುಗಟ್ಟಿರಬಹುದು. ಟಾಮಾಕ್ಸಿಫೆನ್ (ಹಾರ್ಮೋನ್ ಪಾಸಿಟಿವ್ ಇದ್ದವರಿಗೆ ಕೊಡುವ ಮಾತ್ರೆ) ತಗೊಳ್ಳುವವರಲ್ಲಿ ಇದರ ಅಪಾಯ ಸ್ವಲ್ಪ ಹೆಚ್ಚು.

ಮೊದಲ ಸಲ ಫಿಟ್ಸ್ ಬರುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಬೆಳಗ್ಗೆ ಎದ್ದಾಗ ತಲೆನೋವು ವಾಂತಿ ಎರಡೂ ಇದ್ದು ದಿನೇದಿನೇ ಜಾಸ್ತಿಯಾಗುವುದು. ವಿಪರೀತ ಬಾಯಾರಿಕೆ, ಮಲಬದ್ಧತೆ, ವಾಂತಿ, ಮಂಕು ಒಟ್ಟಿಗೆ ಬರುವುದು, ಇದು ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರ ಗುರುತಾಗಿರಬಹುದು. ಆಪರೇಷನ್ ಆದ ಕಡೆಯ ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬರುವುದು, ಇದು ಸೋಂಕು. ಇದಕ್ಕೆ ಬೇಗ ಆಂಟಿಬಯೋಟಿಕ್ ಬೇಕು. ಅರಿಶಿನದ ಪಟ್ಟು ಹಾಕಿ ಬೆಳಗಾಗಲಿ ಅನ್ನಬೇಡಿ.

ಹೆಜ್ಜೆ 4: ಉಳಿದ ನೋವಿಗೆ ಎರಡು ವಾರದ ಪುಸ್ತಕ

ಇನ್ನು ದಿನನಿತ್ಯದ ನೋವುಗಳು. ಒಂದು ಹಳೆಯ ನೋಟ್‌ಬುಕ್ ಸಾಕು. ನೋವು ಶುರುವಾದ ತಾರೀಖು ಬರೆಯಿರಿ. ದಿನಾ ಒಂದೇ ಹೊತ್ತಿಗೆ, ಒಂದೇ ಸಾಲು: ಎಲ್ಲಿ, ಹತ್ತಕ್ಕೆ ಎಷ್ಟು, ಯಾವಾಗ ಜಾಸ್ತಿ, ಏನು ಮಾಡಿದರೆ ಕಡಿಮೆ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: "ಬಲ ಮೊಣಕಾಲು, ಹತ್ತಕ್ಕೆ ನಾಲ್ಕು, ಏಳುವಾಗ ಜಾಸ್ತಿ, ಅರ್ಧ ಗಂಟೆ ಓಡಾಡಿದ ಮೇಲೆ ಇಲ್ಲ."

ಎರಡು ವಾರದಲ್ಲಿ ಹೋದರೆ ಬಿಡಿ. ಎರಡು ವಾರ ದಾಟಿದರೆ, ಅಥವಾ ಅದಕ್ಕೂ ಮೊದಲೇ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಮುಂದಿನ ಫಾಲೋಅಪ್ ತಾರೀಖಿಗೆ ಕಾಯದೆ ತೋರಿಸಿ. ಒಂದು ಸಾಲು ಬರೆದು ಪುಸ್ತಕ ಮುಚ್ಚಿದರೆ ದಿನವಿಡೀ ಆ ಜಾಗ ಒತ್ತಿ ಒತ್ತಿ ನೋಡುವುದು ತಾನಾಗಿ ಕಡಿಮೆಯಾಗುತ್ತದೆ. ಇದು ನನ್ನ ಅನುಭವ.

ಎರಡು ವಾರದ ಲೆಕ್ಕ ಕೆಲವಕ್ಕೆ ಇಲ್ಲ. ಸ್ತನದಲ್ಲಿ, ಗಾಯದ ಮೇಲೆ, ಕಂಕುಳಲ್ಲಿ ಅಥವಾ ಕತ್ತಿನ ಬುಡದ ಮೂಳೆಯ ಮೇಲೆ ಹೊಸ ಗಂಟು ಬಂದಿದ್ದರೆ, ಗಾಯದ ಸುತ್ತ ಕೆಂಪು ಗುಳ್ಳೆಗಳು ಎದ್ದು ಹರಡುತ್ತಿದ್ದರೆ, ಮೊಲೆತೊಟ್ಟಿನಿಂದ ರಕ್ತ ಬಂದರೆ, ಕಣ್ಣು ಹಳದಿಯಾದರೆ, ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಾಣಿಸಿದರೆ ಅದೇ ವಾರ ತೋರಿಸಿ. ಟಾಮಾಕ್ಸಿಫೆನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡಬಹುದು. ಅದಕ್ಕೇ ಕೊನೆಯದನ್ನು "ವಯಸ್ಸಿನ ತೊಂದರೆ" ಅಂತ ಬಿಡಬಾರದು.

ಹೆಜ್ಜೆ 5: ನೋವಿನ ಮೂಲ ಹುಡುಕುವಾಗ ಇವು ನೆನಪಿರಲಿ

ನಮ್ಮನ್ನು ಅತಿ ಹೆಚ್ಚು ಹೆದರಿಸುವುದು ಮೂಳೆ, ಕೀಲುಗಳ ನೋವು. ಕ್ಯಾನ್ಸರ್ ಮೂಳೆಗೆ ಹೋಗುತ್ತದೆ ಅಂತ ಎಲ್ಲರೂ ಕೇಳಿರುತ್ತೇವೆ. ಲೆಟ್ರೊಜೋಲ್, ಅನಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ತಗೊಳ್ಳುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಕೀಲು ನೋವು ಬರುತ್ತದೆ. ಅದರ ನಡತೆಯೇ ಬೇರೆ. ಎರಡೂ ಕಡೆ ಬರುತ್ತದೆ: ಎರಡೂ ಕೈ ಬೆರಳು, ಎರಡೂ ಮೊಣಕಾಲು. ಬೆಳಗ್ಗೆ ಎದ್ದಾಗ ಬಿಗಿ. ಬೆರಳು ಮಡಿಸಲು ಆಗದೆ ಚಪಾತಿ ಹಿಟ್ಟು ಕಲಸುವುದೂ ಕಷ್ಟ. ಓಡಾಡುತ್ತಾ ಸಡಿಲವಾಗುತ್ತದೆ. ಇದಕ್ಕೆ ದಾರಿಗಳಿವೆ. ದಿನಾ ನಡಿಗೆ, ವ್ಯಾಯಾಮ, ವಿಟಮಿನ್ ಡಿ ನೋಡಿಸುವುದು, ಅದೇ ಗುಂಪಿನ ಇನ್ನೊಂದು ಮಾತ್ರೆಗೆ ಬದಲಾಯಿಸುವುದು. ಮಾಡಬಾರದ್ದು ಒಂದೇ: ಹೇಳದೆ ಕೇಳದೆ ಮಾತ್ರೆ ನಿಲ್ಲಿಸುವುದು. ಎಷ್ಟೋ ಜನ ನಿಲ್ಲಿಸಿರುತ್ತಾರೆ, ಡಾಕ್ಟರ್ ಬೈಯುತ್ತಾರೆ ಅಂತ "ತಗೊಳ್ತಾ ಇದೀನಿ" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮರಳಿ ಬರದಂತೆ ತಡೆಯುತ್ತಿರುವುದು ಆ ಮಾತ್ರೆಯೇ.

ತಡಮಾಡದೆ ತೋರಿಸಬೇಕಾದ ಮೂಳೆ ನೋವು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ನಿಂತಿರುತ್ತದೆ. ರಾತ್ರಿ ಮಲಗಿದಾಗ ಜಾಸ್ತಿ. ವಿಶ್ರಾಂತಿ ತಗೊಂಡರೂ ಬಿಡುವುದಿಲ್ಲ. ವಾರದಿಂದ ವಾರಕ್ಕೆ ಏರುತ್ತದೆ. ನೋಟ್‌ಬುಕ್ಕಿನ ಸಾಲುಗಳು ಇಲ್ಲಿ ಡಾಕ್ಟರಿಗೆ ತುಂಬಾ ಸಹಾಯ ಮಾಡುತ್ತವೆ.

ಗಾಯದ ಜಾಗದಲ್ಲಿ ಚುಚ್ಚಿದಂತೆ, ಕರೆಂಟ್ ಹೊಡೆದಂತೆ, ಇರುವೆ ಹರಿದಂತೆ ಆಗುವುದು ಆಪರೇಷನ್ನಿನಲ್ಲಿ ಏಟು ತಿಂದ ನರಗಳ ಕೆಲಸ. ತೋಳಿನ ಒಳಭಾಗ ವರ್ಷಗಟ್ಟಲೆ ಮರಗಟ್ಟಿರಬಹುದು. ಇಲ್ಲದ ಸ್ತನವೇ ನೋಯುವುದೂ ಇದೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಅಲ್ವಾ? ನಿಮಗೆ ಭ್ರಮೆಯಲ್ಲ, ಅದು ಗುರುತಿಸಿದ ತೊಂದರೆ. ಕಂಕುಳಿಂದ ಮೊಣಕೈಯವರೆಗೆ ಚರ್ಮದ ಕೆಳಗೆ ದಾರ ಎಳೆದು ಕಟ್ಟಿದಂತೆ ಬಿಗಿಯಾದರೆ ಫಿಸಿಯೋಥೆರಪಿಯಿಂದ ನಿಧಾನವಾಗಿ ಸಡಿಲವಾಗುತ್ತದೆ. ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟ ಸ್ತನದಲ್ಲಿ ಕೊಬ್ಬಿನ ಭಾಗ ಸತ್ತು ಗಟ್ಟಿ ಗಂಟಾಗುವುದೂ ಉಂಟು. ಕೈಗೆ ಥೇಟ್ ಕ್ಯಾನ್ಸರ್ ಗಂಟಿನ ಹಾಗೇ ಸಿಗುತ್ತದೆ. ಹಾಗಾಗಿ ಗಂಟು ಯಾವುದೆಂದು ಕೈ ಹೇಳಲಾರದು, ಸ್ಕ್ಯಾನ್ ಅಥವಾ ಸೂಜಿ ಪರೀಕ್ಷೆಯೇ ಹೇಳಬೇಕು.

ಒಣ ಕೆಮ್ಮು. ರೇಡಿಯೇಷನ್ ಮುಗಿದು ಒಂದರಿಂದ ಆರು ತಿಂಗಳೊಳಗೆ ಬಂದರೆ ಶ್ವಾಸಕೋಶಕ್ಕೆ ತಗುಲಿದ ರೇಡಿಯೇಷನ್ ಕಾರಣವಿರಬಹುದು. ಅದಕ್ಕೂ ಚಿಕಿತ್ಸೆ ಇದೆ. ಕತ್ತಿನ ಬುಡಕ್ಕೂ ರೇಡಿಯೇಷನ್ ಕೊಟ್ಟಿದ್ದರೆ ಶ್ವಾಸಕೋಶದ ತುದಿಯಲ್ಲಿ ಗಾಯದ ಕಲೆ ಉಳಿಯಬಹುದು. ನಮ್ಮ ದೇಶದಲ್ಲಿ ಎಕ್ಸ್‌ರೇಯಲ್ಲಿ ಆ ಜಾಗದ ಕಲೆ ಕಂಡರೆ ಮೊದಲು ಟಿಬಿ ನೆನಪಾಗುತ್ತದೆ. ಎಕ್ಸ್‌ರೇ ತೆಗೆಯುವವರಿಗೆ, ಓದುವವರಿಗೆ ರೇಡಿಯೇಷನ್ ಆಗಿದೆ ಅಂತ ಮೊದಲೇ ಹೇಳಿ.

ಕೈ ಬಾವಿನ ಮೊದಲ ಸುಳಿವು ಕೊಡುವುದು ಬಳೆ. ಒಂದು ಕೈಗೆ ಸಲೀಸಾಗಿ ಹೋಗುವ ಬಳೆ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ರವಿಕೆಯ ತೋಳು ಬಿಗಿಯಾಗುತ್ತದೆ. ಟೈಲರ್ ಟೇಪಿನಿಂದ ಮೊಣಕೈ ಮೇಲೆ 10 ಸೆಂ.ಮೀ., ಕೆಳಗೆ 10 ಸೆಂ.ಮೀ. ಗುರುತು ಮಾಡಿ ಎರಡೂ ಕೈ ಅಳೆಯಿರಿ. 2 ಸೆಂ.ಮೀ. ವ್ಯತ್ಯಾಸವಿದ್ದರೆ ತೋರಿಸಿ. ಬೇಗ ಶುರು ಮಾಡಿದ ಮಸಾಜು, ಬಿಗಿ ತೋಳುಚೀಲ ಚೆನ್ನಾಗಿ ಕೆಲಸ ಮಾಡುತ್ತವೆ. ವರ್ಷಗಳ ನಂತರ ಹಠಾತ್ತನೆ ಬಂದ ಬಾವನ್ನೂ ತೋರಿಸಲೇಬೇಕು, ಏಕೆಂದರೆ ಕಂಕುಳ ಗ್ರಂಥಿ ಕಾರಣವಲ್ಲ ಅಂತ ಖಚಿತವಾಗಬೇಕು.

ಪಾದ ಜುಮ್ಮೆನ್ನುವುದು ಪ್ಯಾಕ್ಲಿಟ್ಯಾಕ್ಸೆಲ್ ಥರದ ಕಿಮೋದಿಂದ ಇರಬಹುದು, ಸಕ್ಕರೆ ಕಾಯಿಲೆಯಿಂದಲೂ ಬಿ12 ಕೊರತೆಯಿಂದಲೂ ಇರಬಹುದು. ಸುಸ್ತಿಗೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ.

ಹೆಜ್ಜೆ 6: ಮುಚ್ಚಿಡಬೇಡಿ

ಮಗಳ ಪಿಯುಸಿ ಪರೀಕ್ಷೆ, ಗೃಹಪ್ರವೇಶ, ದೀಪಾವಳಿ, ಅಡಿಕೆ ಕೊಯ್ಲು. ನಮ್ಮ ಮನೆಗಳಲ್ಲಿ ನೋವು ಹೇಳಲು ಒಳ್ಳೆಯ ದಿನ ಎಂದೂ ಬರುವುದಿಲ್ಲ. ಮೊದಲ ಸಲವೇ ಇಷ್ಟು ಖರ್ಚು ಮಾಡಿಸಿದೆ, ಮತ್ತೆ ಯಾವ ಬಾಯಲ್ಲಿ ಹೇಳಲಿ ಅನ್ನುವ ಸಂಕಟ ನನಗೆ ಗೊತ್ತು. ಆದರೂ ಒಬ್ಬರಿಗೆ ಹೇಳಿ. ಎಲ್ಲರಿಗೂ ಬೇಡ. ಅಳದೆ ಕೇಳಬಲ್ಲ, ಆಸ್ಪತ್ರೆಗೆ ಜೊತೆ ಬರಬಲ್ಲ ಒಬ್ಬರು. ನನಗೆ ಅದು ನಾದಿನಿ. "ಅತ್ತಿಗೆ, ಪುಸ್ತಕ ಬರೀತಿದೀರಾ?" ಅಂತ ಮಾತ್ರ ಕೇಳುತ್ತಾಳೆ. ಹೂಂ ಅಂದರೆ ಎರಡು ವಾರದ ಲೆಕ್ಕ ಅವಳೂ ಇಡುತ್ತಾಳೆ.

ದುಡ್ಡಿನ ಚಿಂತೆಗೆ: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಏನು ಸಿಗುತ್ತದೆ, ಯಾವ ಕಾಗದ ಬೇಕು ಅಂತ ಅವರನ್ನು ಕೇಳಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗೆ ಮಾತ್ರವಲ್ಲ, ಫಾಲೋಅಪ್ ತಪಾಸಣೆಗೆ ಹೋಗುವಾಗಲೂ ರಿಯಾಯಿತಿ ಇದೆ. ಜೊತೆಗೆ ಬರುವ ಒಬ್ಬರಿಗೂ ಇದೆ. ಅದರ ಫಾರಂಗೆ ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಳ್ಳಬೇಕು.

ಹೆಜ್ಜೆ 7: ಒಪಿಡಿಯ ಐದು ನಿಮಿಷ

ಬೆಳಗ್ಗೆ ಆರಕ್ಕೆ ಬಸ್ಸಿಳಿದು, ಸಾಲಿನಲ್ಲಿ ನಿಂತು, ಕೊನೆಗೆ ಒಳಗೆ ಹೋದರೆ ಸಿಗುವುದು ಐದು ನಿಮಿಷ. "ಹೇಗಿದ್ದೀರಿ?" ಅಂದ ಕೂಡಲೇ ನಮ್ಮ ಬಾಯಿಂದ ಬರುವುದು "ಚೆನ್ನಾಗಿದೀನಿ ಸಾರ್." ಹೊರಗೆ ಬಂದ ಮೇಲೆ ನೋವು ನೆನಪಾಗುತ್ತದೆ.

ಒಳಗೆ ಹೋದ ತಕ್ಷಣ ಮೊದಲ ವಾಕ್ಯದಲ್ಲೇ ಹೇಳಿ: "ನನಗೆ ಒಂದು ಹೊಸ ತೊಂದರೆ ಇದೆ, ಇಪ್ಪತ್ತು ದಿನದಿಂದ." ನೋಟ್‌ಬುಕ್ ಮುಂದಿಡಿ. ಆಮೇಲೆ ಮೂರು ಪ್ರಶ್ನೆ ಸಾಕು. ಇದು ಯಾವುದರಿಂದ ಇರಬಹುದು? ಈಗಲೇ ಟೆಸ್ಟ್ ಬೇಕೋ, ಎಷ್ಟು ದಿನ ಕಾಯಬಹುದು? ಏನಾದರೆ ತಕ್ಷಣ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು? ಉತ್ತರವನ್ನು ಜೊತೆಗೆ ಬಂದವರು ಬರೆದುಕೊಳ್ಳಲಿ. ನಮ್ಮ ಕಿವಿಗೆ ಆ ಹೊತ್ತಿನಲ್ಲಿ ಅರ್ಧವೂ ಇಳಿಯುವುದಿಲ್ಲ.

ನಾಟಿ ಔಷಧಿ, ಕಷಾಯ ಏನಾದರೂ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಬೈದರೂ ಪರವಾಗಿಲ್ಲ. ಲಿವರ್ ಟೆಸ್ಟ್ ಏರುಪೇರಾದಾಗ ಕಾರಣ ಹುಡುಕಲು ಅವರಿಗೆ ಅದು ಬೇಕು.

ಹೆಜ್ಜೆ 8: ರಿಪೋರ್ಟ್ ತೆರೆಯುವ ಮೊದಲು, ತೆರೆದ ಮೇಲೆ

ಟೆಸ್ಟನ್ನು ವಾರದ ಮೊದಲ ದಿನಗಳಲ್ಲಿ ಮಾಡಿಸಿ. ಆಗ ರಿಪೋರ್ಟ್ ಡಾಕ್ಟರ್ ಸಿಗುವ ದಿನಗಳಲ್ಲೇ ಬರುತ್ತದೆ. ಫೋನಿಗೆ ರಾತ್ರಿ ಬಂದರೆ ತೆರೆಯಬೇಡಿ. ಹಗಲು ತೆರೆಯಿರಿ, ಒಬ್ಬರೇ ಕೂತು ತೆರೆಯಬೇಡಿ. ಕೆಲವರಿಗೆ ಡಾಕ್ಟರ್ ಎದುರೇ ಮೊದಲ ಸಲ ನೋಡುವುದು ಒಳ್ಳೆಯದು. ಅದು ಹೇಡಿತನವಲ್ಲ.

ಸ್ಕ್ಯಾನಿಗೆ ಹೋಗುವಾಗ ಹಳೆಯ ರಿಪೋರ್ಟು, ಫಿಲಂ, ಸಿಡಿ ಎಲ್ಲಾ ಒಯ್ಯಿರಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹಳೆಯದು ಇಲ್ಲದಿದ್ದರೆ ಮೂರು ವರ್ಷದಿಂದ ಹಾಗೇ ಇರುವ ಚುಕ್ಕೆಯೂ ಹೊಸದಾಗಿ ಕಾಣುತ್ತದೆ. ಹೆಜ್ಜೆ 1ರ ಹಾಳೆಯ ಒಂದು ಜೆರಾಕ್ಸ್ ಅಲ್ಲಿ ಕೊಡಿ.

ಓದುವಾಗ ಕೊನೆಯಿಂದ ಶುರು ಮಾಡಿ. ಇಂಪ್ರೆಷನ್ ಅನ್ನುವ ಭಾಗವೇ ತೀರ್ಮಾನ. ಮೇಲಿನ ಪುಟಗಳಲ್ಲಿ ಕಂಡಿದ್ದೆಲ್ಲಾ ಬರೆದಿರುತ್ತಾರೆ: ಸಿಂಪಲ್ ಸಿಸ್ಟ್, ಹೆಮಾಂಜಿಯೋಮಾ, ರಿಯಾಕ್ಟಿವ್ ನೋಡ್, ಗ್ರ್ಯಾನ್ಯುಲೋಮಾ. ಈ ಹೆಸರುಗಳು ಭಾರಿ ಅನ್ನಿಸಿದರೂ ಇವು ಕ್ಯಾನ್ಸರ್ ಅಲ್ಲದವುಗಳ ಹೆಸರು. ಇಂಡಿಟರ್ಮಿನೇಟ್ ಅಂದರೆ ಈ ಚಿತ್ರದಿಂದ ಹೇಳಲಾಗುವುದಿಲ್ಲ ಅಂತ. ಕ್ಲಿನಿಕಲ್ ಕೋರಿಲೇಷನ್ ಅಂದರೆ ರೋಗಿಯನ್ನು ನೋಡುವ ಡಾಕ್ಟರೇ ಹೊಂದಿಸಿ ನೋಡಲಿ ಅಂತ. ರಕ್ತ ಪರೀಕ್ಷೆಯ ದಪ್ಪ ಅಕ್ಷರ ಮಿತಿಯಿಂದ ಆಚೆ ಇದೆ ಅಂತ ಮಾತ್ರ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಮ್ಯಾಮೊಗ್ರಾಂ ರಿಪೋರ್ಟಿನಲ್ಲಿ ಬೈ-ರ್ಯಾಡ್ಸ್ ನಂಬರ್ ಇರುತ್ತದೆ. ಇದು ಸ್ಟೇಜ್ ಅಲ್ಲ. ಸೊನ್ನೆ ಅಂದರೆ ಇನ್ನೂ ಚಿತ್ರ ಬೇಕು ಅಂತ, ಕೆಟ್ಟದು ಅಂತಲ್ಲ. 1 ಮತ್ತು 2 ನೆಮ್ಮದಿ. 3 ಅಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡರೊಳಗೆ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4 ಅಂದರೆ ಬಯಾಪ್ಸಿ ಬೇಕು. ಆದರೆ ಅದರ ಹರವು ತುಂಬಾ ದೊಡ್ಡದು, ನೂರಕ್ಕೆ ಎರಡರಿಂದ ತೊಂಬತ್ತೈದರವರೆಗೆ. 4ಎ ಆದರೆ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ. 5 ಅಂದರೆ ಬಲವಾದ ಅನುಮಾನ.

ಟ್ಯೂಮರ್ ಮಾರ್ಕರ್ ಬಗ್ಗೆ ನನ್ನ ಕಥೆ ಹೇಳಿದೆ. ಲಿವರ್ ತೊಂದರೆ, ಅಂಡಾಶಯದ ನೀರುಗುಳ್ಳೆಯಿಂದಲೂ ಸಿಎ 15-3 ಏರಬಹುದು. ಒಂದು ಸಲದ ನಂಬರ್ ಏನನ್ನೂ ತೀರ್ಮಾನಿಸುವುದಿಲ್ಲ. ಅದೇ ಲ್ಯಾಬಿನಲ್ಲಿ ಕೆಲವು ವಾರ ಬಿಟ್ಟು ಮತ್ತೆ ನೋಡಿ, ಏರುತ್ತಿದೆಯೋ ನಿಂತಿದೆಯೋ ಗಮನಿಸುತ್ತಾರೆ. ಉಲ್ಟಾ ಕೂಡ ನಿಜ. ಮಾರ್ಕರ್ ನಾರ್ಮಲ್ ಬಂತು ಅಂತ ತಿಂಗಳಿಂದ ಇರುವ ನೋವನ್ನು ಬಿಡಬೇಡಿ.

ಪೆಟ್ ಸ್ಕ್ಯಾನಿನಲ್ಲಿ ಸಕ್ಕರೆ ಹೀರುವ ಜಾಗಗಳು ಹೊಳೆಯುತ್ತವೆ. ಕ್ಯಾನ್ಸರ್ ಹೀರುತ್ತದೆ, ಸೋಂಕೂ ಹೀರುತ್ತದೆ, ಟಿಬಿಯೂ ಹೀರುತ್ತದೆ, ಈಚೆಗೆ ಲಸಿಕೆ ಹಾಕಿಸಿಕೊಂಡ ಕೈಯ ಕಂಕುಳ ಗ್ರಂಥಿಯೂ ಹೀರುತ್ತದೆ. ಎಷ್ಟು ಹೀರಿದೆ ಅಂತ ತೋರಿಸುವ ಎಸ್‌ಯುವಿ ನಂಬರ್ ದೊಡ್ಡದು ಅಂದ ಮಾತ್ರಕ್ಕೆ ತೀರ್ಪು ಬಂದಂತಲ್ಲ. ಕೆಮ್ಮು, ಹಲ್ಲಿನ ಬಾವು, ಲಸಿಕೆ ಏನಿದ್ದರೂ ಮೊದಲೇ ತಿಳಿಸಿ. ಬೋನ್ ಸ್ಕ್ಯಾನಿನಲ್ಲಿ ಸವೆದ ಮೊಣಕಾಲು, ಹಳೆಯ ಮುರಿತ ಎಲ್ಲಾ ಕಪ್ಪಾಗಿ ಕಾಣುತ್ತವೆ. ವಿಟಮಿನ್ ಡಿ ತೀರಾ ಕಡಿಮೆ ಇದ್ದರೆ ಹಲವು ಕಡೆ ಕಾಣಬಹುದು.

ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಟೆಸ್ಟಿನಲ್ಲಿ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಮೂಳೆ ಟೊಳ್ಳಾಗಿದೆ ಅಂತ. ಕ್ಯಾನ್ಸರ್ ಮೂಳೆಗೆ ಹೋಗಿದೆ ಅಂತಲ್ಲ. ಇದನ್ನು ಬೆರೆಸಿಕೊಂಡು ಅತ್ತವರನ್ನು ನಾನು ನೋಡಿದ್ದೇನೆ. ಹೊಟ್ಟೆ ಸ್ಕ್ಯಾನಿನಲ್ಲಿ ಫ್ಯಾಟಿ ಲಿವರ್ ಬಂದರೆ ಟಾಮಾಕ್ಸಿಫೆನ್ ಕೂಡ ಒಂದು ಕಾರಣವಿರಬಹುದು. ಡಾಕ್ಟರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಹೆಜ್ಜೆ 9: ಕಾಯುವ ದಿನಗಳು

ಎಲ್ಲಕ್ಕಿಂತ ಕಷ್ಟ ಇದೇ. ಟೆಸ್ಟ್ ಆಗಿದೆ, ಉತ್ತರ ಬಂದಿಲ್ಲ. ಹಗಲು ಹೇಗೋ ಹೋಗುತ್ತದೆ, ರಾತ್ರಿ ಹೋಗುವುದಿಲ್ಲ.

ನನಗೆ ಕೆಲಸ ಮಾಡಿದ್ದು ಇಷ್ಟು. ಚಿಂತೆಗೆ ಒಂದು ಹೊತ್ತು ಕೊಟ್ಟೆ. ಸಂಜೆ ಐದರಿಂದ ಐದೂವರೆ. ಆಗ ಕೂತು ಪೂರ್ತಿ ಹೆದರುತ್ತೇನೆ, ಅಳು ಬಂದರೆ ಅಳುತ್ತೇನೆ, ಪ್ರಶ್ನೆ ಹೊಳೆದರೆ ಬರೆಯುತ್ತೇನೆ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ "ಐದಕ್ಕೆ ಬಾ" ಅನ್ನುತ್ತೇನೆ. ಮೊದಲ ವಾರ ಮಾತು ಕೇಳಲಿಲ್ಲ, ಆಮೇಲೆ ಕೇಳಿತು. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗಿಟ್ಟು ಮಲಗುತ್ತೇನೆ. ಕೈಗೆ ಕೆಲಸ ಕೊಡುತ್ತೇನೆ: ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು. ಕಾಯಿಲೆ ಗೊತ್ತಾದ ತಿಂಗಳು ಬಂದಾಗ, ಪರಿಚಿತರು ಯಾರಾದರೂ ತೀರಿಕೊಂಡಾಗ ಭಯ ತಾನಾಗಿ ಏರುತ್ತದೆ. ನನಗೆ ಅದು ನವರಾತ್ರಿ. ಈಗ ಬರುತ್ತದೆ ಅಂತ ಗೊತ್ತಿದ್ದರೆ ಅದನ್ನು ಹೊಸ ಲಕ್ಷಣ ಅಂದುಕೊಳ್ಳುವುದಿಲ್ಲ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕುವುದೇ ಬೇಡ ಅನ್ನಿಸುತ್ತಿದೆ ಅಂದರೆ ಸಹಾಯ ತಗೊಳ್ಳಿ. ಟೆಲಿ ಮಾನಸ್ 14416 ಸರ್ಕಾರದ ಉಚಿತ ನಂಬರ್. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರು ಮಾತ್ರೆ ಬರೆದರೆ ಟಾಮಾಕ್ಸಿಫೆನ್ ತಗೊಳ್ಳುತ್ತಿದ್ದೇನೆ ಅಂತ ತಪ್ಪದೆ ಹೇಳಿ. ಪರಾಕ್ಸೆಟಿನ್, ಫ್ಲುಯಾಕ್ಸೆಟಿನ್ ಥರದ ಕೆಲವು ಅದರ ಕೆಲಸ ಕುಂದಿಸುತ್ತವೆ. ಬೇರೆ ಮಾತ್ರೆಗಳಿವೆ.

ಹೆಜ್ಜೆ 10: ಬಯಾಪ್ಸಿ ಬೇಕು ಅಂದರೆ

ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯಕ್ಕೆ ಬಯಾಪ್ಸಿ ಬಿಡಬೇಡಿ. ಸ್ಕ್ಯಾನ್ ನೋಡಿದ ಮಾತ್ರಕ್ಕೆ ಕಿಮೋ ಶುರು ಮಾಡೋಣ ಅಂದರೆ, ಬಯಾಪ್ಸಿ ಸಾಧ್ಯವೇ ಅಂತ ಕೇಳಿ. ಮರಳಿದ ಕಾಯಿಲೆಯಲ್ಲಿ ಇಆರ್, ಪಿಆರ್, ಹರ್-2 ಮೊದಲಿನ ಹಾಗೇ ಇರಬೇಕೆಂದಿಲ್ಲ. ಅದು ಬದಲಾದರೆ ಔಷಧಿಯೂ ಬದಲಾಗುತ್ತದೆ. ಆ ಮೂರನ್ನೂ ಮತ್ತೆ ಮಾಡಿಸಿ.

ಗಾಯದ ಜಾಗದಲ್ಲೋ ಅದೇ ಸ್ತನದಲ್ಲೋ ಮಾತ್ರ ಮರಳಿದ್ದರೆ ಮತ್ತೆ ಪೂರ್ತಿ ಗುಣಪಡಿಸುವ ಗುರಿಯಿಂದಲೇ ಚಿಕಿತ್ಸೆ ಮಾಡುತ್ತಾರೆ. ದೂರದ ಅಂಗಕ್ಕೆ ಹೋಗಿದ್ದರೆ ಪೂರ್ತಿ ತೆಗೆದುಹಾಕುವುದು ಕಷ್ಟ. ಆದರೆ ಮಾತ್ರೆ, ಇಂಜೆಕ್ಷನ್ ಮೇಲೆ ವರ್ಷಗಟ್ಟಲೆ ಮನೆ ಕೆಲಸ, ಆಫೀಸು ನಡೆಸಿಕೊಂಡು ಹೋಗುತ್ತಿರುವವರು ಇದ್ದಾರೆ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿದರೆ ನಿಮ್ಮ ಡಾಕ್ಟರಿಗೆ ಅವಮಾನವಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ. ನವ್ಯಾ ಸೇವೆಯ ಮೂಲಕ ಮುಂಬೈನ ಟಾಟಾ ಮೆಮೋರಿಯಲ್ ತಜ್ಞರ ಅಭಿಪ್ರಾಯವನ್ನು ಊರಿಂದಲೇ ಆನ್‌ಲೈನಿನಲ್ಲಿ ಪಡೆಯಬಹುದು. ಬಯಾಪ್ಸಿಯ ಬ್ಲಾಕ್, ಸ್ಲೈಡ್ (ಪರೀಕ್ಷೆಗೆ ತೆಗೆದು ಕಾದಿಟ್ಟ ತುಣುಕುಗಳು) ನಿಮ್ಮವು, ಕೇಳಿ ಪಡೆದುಕೊಳ್ಳಿ.

ಮನೆಯವರಿಗೆ

"ಏನೂ ಆಗಲ್ಲ ಬಿಡು" ಅನ್ನಬೇಡಿ. ಪ್ರೀತಿಯಿಂದಲೇ ಅನ್ನುತ್ತೀರಿ. ಆದರೆ ಅದನ್ನು ಕೇಳಿದ ಮೇಲೆ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. "ನೀನೇ ಜಾಸ್ತಿ ಯೋಚನೆ ಮಾಡ್ತೀಯ" ಅಂತಲೂ ಬೇಡ. ನನ್ನ 41ರ ಕಥೆಯನ್ನು ಗಂಡನಿಗೆ ಹೇಳಿದ್ದು ಸೋಮವಾರ ಬೆಳಗ್ಗೆ, ಬಸ್ ಸ್ಟ್ಯಾಂಡಿಗೆ ಹೊರಟು ನಿಂತಾಗ. ಅವರು ರಿಪೋರ್ಟನ್ನು ಎರಡು ಸಲ ನೋಡಿದರು. ಏನೂ ಅನ್ನಲಿಲ್ಲ. ಒಳಗೆ ಹೋಗಿ ಹಳೆಯ ಫೈಲ್ ತೆಗೆದುಕೊಂಡು, ನೀರಿನ ಬಾಟಲಿ ತುಂಬಿಸಿಕೊಂಡು ಬಂದು ಕೇಳಿದರು, "ಏಳೂಕಾಲಿನ ಬಸ್ಸಾ, ಎಂಟರದ್ದಾ?"